ಲಗ್ನಪತ್ರಿಕೆಯ ಕಿಂಡಿ

"ಇಲ್ಲೆಲ್ಲೋ ಸ್ಲೈಡ್ ಫ್ರೇಮ್ ಮಾರೋ ಅಂಗಡಿ ಇದೆಯಂತಲ್ಲ?"

ಭದ್ರಾವತಿಯ ಓಲ್ಡ್ ಟೌನಿನಲ್ಲಿ ಒಂದೇ ಗಲ್ಲಿಯನ್ನು ಮೂರನೇ ಸಲ ಸುತ್ತಿ, ಕಡೆಗೆ ಪ್ರಿಂಟಿಂಗ್ ಪ್ರೆಸ್ಸಿನ ಬಾಗಿಲಲ್ಲಿ ನಿಂತಿದ್ದ ಸಾಹೇಬರನ್ನು ಕೇಳಿದೆ.

"ಅದು ಮುಚ್ಚಿ ವರ್ಷ ಆಯ್ತಕ್ಕಾ. ಫ್ರೇಮ್ ಯಾಕೆ?"

ಎರಡು ಕ್ಯಾಮೆರಾ ಜೋಡಿಸಿ ಒಂದೇ ನೋಟದ ಎರಡು ಸ್ಲೈಡ್, ಅಂದರೆ ಬೆಳಕಿಗೆ ಹಿಡಿದು ನೋಡುವ ಫಿಲ್ಮು, ತೆಗೆಯುತ್ತೇನೆ, ಒಂದೊಂದು ಕಣ್ಣಿಗೆ ಒಂದೊಂದು ಹಿಡಿದರೆ ಚಿತ್ರ ಉಬ್ಬಿ ಎದುರಿಗೆ ನಿಲ್ಲುತ್ತದೆ ಎಂದೆ. ಆದರೆ ಅವನ್ನು ಕೂರಿಸಲು ಶಿವಮೊಗ್ಗದಲ್ಲಿ ಸಿಕ್ಕ ರಟ್ಟಿನ ಫ್ರೇಮುಗಳಲ್ಲಿ ಒಂದರ ಕಿಂಡಿಯಂತೆ ಇನ್ನೊಂದರದ್ದಿಲ್ಲ, ನೋಡಿದರೆ ತಲೆನೋವು. ಲಡಾಖಿನಿಂದ ರಾಮೇಶ್ವರದವರೆಗೆ ತೆಗೆದದ್ದೆಲ್ಲ ಬಿಸ್ಕತ್ತಿನ ಡಬ್ಬಿಯಲ್ಲಿ ಕೊಳೆಯುತ್ತಿತ್ತು.

ಸಾಹೇಬರು ಮಿಕ್ಕಿದ ಲಗ್ನಪತ್ರಿಕೆಗಳ ಕಟ್ಟು ತಂದರು. ಬ್ಲೇಡಿನ ಪಟ್ಟಿಯನ್ನು ಚೌಕವಾಗಿ ಬಗ್ಗಿಸಿ ಕಟ್ಟಿ, ಕಾಲಲ್ಲಿ ತುಳಿಯುವ ಟ್ರೆಡಲ್ ಅಚ್ಚಿನ ಮೆಷಿನ್ನಿನಲ್ಲಿ ಟಕಟಕ ಕಿಂಡಿ ಹೊಡೆದರು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ! ಎಡಗಣ್ಣಿನ ಫ್ರೇಮಿನ ಮೇಲೆ ಗಣಪತಿ, ಬಲಗಣ್ಣಿನದರ ಮೇಲೆ ನಿಕಾಹಿನ ಚಂದ್ರ.

"ಎಷ್ಟಾಯ್ತು?"

"ದುಡ್ಡು ಬ್ಯಾಡ. ನನ್ನ ಮೆಷಿನ್ನು ಹಂಗೆ ಎದ್ದು ನಿಲ್ಲೋದನ್ನ ತೋರಿಸಿ, ಸಾಕು."

ಅಲ್ಲೇ ಮೆಷಿನ್ನಿನ ಚಿತ್ರ ತೆಗೆದೆ. ತಿಂಗಳ ಮೇಲೆ ಸ್ಲೈಡ್ ತೊಳೆಸಿ ತಂದು, ನೋಡುವ ಪೆಟ್ಟಿಗೆಯನ್ನು ಅವರ ಕೈಗಿಟ್ಟೆ. ಅಚ್ಚಿನ ಸಾಲು ನೆಟ್ಟಗಿದೆಯಾ ಎಂದು ಒಂದೇ ಕಣ್ಣಲ್ಲಿ ನೋಡುವ ಅಭ್ಯಾಸ ಅವರಿಗೆ. ಒಂದು ಕಣ್ಣು ಮುಚ್ಚಿಕೊಂಡರು.

"ಬರೀ ಫೋಟೋ ಅಲ್ವಾ ಇದು?"

"ಎರಡೂ ಕಣ್ಣು ಬಿಡಿ ಮಾರಾಯ್ರೇ!"

ಬಿಟ್ಟರು. ಪೆಟ್ಟಿಗೆಯೊಳಗೇ ಕತ್ತು ಚಾಚಿ ಚಿತ್ರದ ಮೆಷಿನ್ನಿನ ಹಿಂದೆ ಇಣುಕಿದರು. ಆಮೇಲೆ ಪೆಟ್ಟಿಗೆ ಕೆಳಗಿಟ್ಟು, ಸೀದಾ ಮೆಷಿನ್ನಿನ ಹಿಂದೆ ಹೋಗಿ ಬಗ್ಗಿ, ಧೂಳು ಹಿಡಿದ ಸ್ಪ್ಯಾನರ್ ಎತ್ತಿಕೊಂಡು ಬಂದರು.

"ರಂಜಾನಿಗೆ ಮುಂಚಿಂದ ಹುಡುಕ್ತಿದ್ದೆ ಇದನ್ನ!"

ಚಿತ್ರ ಹೇಗಿದೆ ಅಂತ ಅವರು ಇವತ್ತಿಗೂ ಹೇಳಿಲ್ಲ. ನನ್ನ ಋಣವಂತೂ ತೀರಿತು.