ದುಂಡಸಿ ದಾರಿಯ ಪಾರ್ಸಲ್

ಶಿಗ್ಗಾಂವದ ಬಸ್‌ಸ್ಟ್ಯಾಂಡಿನಿಂದ ಪೇಟೆಯ ಕಡೆ ಹೊರಳಿದರೆ ಎಡಕ್ಕೆ ನಮ್ಮ ಮನೆಯವರ ಹೊಲಿಗೆ ಅಂಗಡಿ. ಮೊದಲೆಲ್ಲ ದೀಪಾವಳಿ ಬಂತೆಂದರೆ ಬಟ್ಟೆಯ ಗಂಟುಗಳ ನಡುವೆ ಅವರ ತಲೆ ಮಾತ್ರ ಕಾಣುತ್ತಿತ್ತು. ಜನ ಮೊಬೈಲಿನಲ್ಲೇ ಬಟ್ಟೆ ತರಿಸತೊಡಗಿದ ಮೇಲೆ ಗಂಟುಗಳು ಕರಗಿ ಗೋಡೆ ಕಾಣತೊಡಗಿತು. ಕೈ ಖಾಲಿಯಾದಾಗ ಅವರು ಫೋನಿನಲ್ಲಿ ರಮ್ಮಿ ಆಡುತ್ತ ಕುಳಿತರು. ಮೊದಲು ಹೊತ್ತು ಹೋಗಲೆಂದು, ಆಮೇಲೆ ದುಡ್ಡಿಗೆ.

ಒಂದು ಸಂಜೆ ಸವಣೂರ ಖಾರ, ಜಿಲೇಬಿ ಎರಡನ್ನೂ ಕಟ್ಟಿಸಿಕೊಂಡು ಬಂದರು. ಬಾಗಿಲಲ್ಲೇ ನಿಂತು ಹೇಳಿದರು:

"ನೋಡು, ಕುಂತಲ್ಲೇ ಗಳಿಸೇನಿ. ವಾರಕ್ಕ ಎರಡು ಸಲ ಹಿಂಗ ಬಂದ್ರ ಮಷೀನು ಮುಚ್ಚಿ ಇಡ್ತೇನಿ."

"ಬರದಿದ್ರ?"

"ಬರ್ತೈತಿ ಬಿಡು. ಮೊದಲ ಜಿಲೇಬಿ ತಿನ್ನು."

ತಿಂದೆ. ಚೆನ್ನಾಗಿಯೇ ಇತ್ತು. ಆದರೆ ಮುಂದಿನ ವಾರಗಳಲ್ಲಿ ಪೊಟ್ಟಣ ಬಂದದ್ದು ಅಪರೂಪ. ಗೆದ್ದ ದಿನ ಅವರು ಓಣಿಯ ತುದಿಯಿಂದಲೇ ನನ್ನನ್ನು ಕೂಗುತ್ತಿದ್ದರು. ಸೋತ ದಿನ ಚಪ್ಪಲಿಯನ್ನು ಸದ್ದಿಲ್ಲದೆ ಬಿಡುತ್ತಿದ್ದರು. ಸದ್ದಿಲ್ಲದ ಸಂಜೆಗಳೇ ಹೆಚ್ಚಾದವು.

ಅದೇ ಹೊತ್ತಿಗೆ ನಾನು ಕೆಲಸಕ್ಕಿದ್ದ ಝೆರಾಕ್ಸ್ ಅಂಗಡಿಯೂ ಮುಚ್ಚಿತು. ಹೆದ್ದಾರಿಯ ಹತ್ತಿರದ ಪಾರ್ಸಲ್ ಗೋದಾಮಿಗೆ ದುಂಡಸಿ ಕಡೆ ಓಡಾಡುವವರು ಬೇಕಾಗಿದ್ದಾರೆಂದು ಕೇಳಿ ಹೋದೆ. ಅಲ್ಲಿಯ ಉಸ್ತುವಾರಿಯವ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಅಕ್ಕಾರ, ಗಾಡಿ ಹೊಡ್ಯಾಕ ಬರ್ತೈತೇನ್ರಿ?"

"ಬರ್ತೈತ್ರಿ" ಎಂದೆ. ಹೆಚ್ಚುಕಡಿಮೆ ಬರುತ್ತಿತ್ತು. ಮೊಣಕಾಲು ನೋವೆಂದು ಹಂಸಭಾವಿಯ ನಮ್ಮ ಅಕ್ಕ ತನ್ನ ಸ್ಕೂಟಿಯನ್ನು ನನಗೆ ಕೊಟ್ಟಿದ್ದಳು. ಅವರೂರ ಮೈದಾನದಲ್ಲಿ ಬಲಕ್ಕೆ ಹೊರಳಿಸುವುದನ್ನು ಕಲಿತಿದ್ದೆ. ಎಡಕ್ಕೆ ಮಾತ್ರ ಇನ್ನೂ ಅಂಜಿಕೆ.

"ಪಗಾರ ಇಲ್ರಿ. ಎಷ್ಟು ಪಾರ್ಸಲ್ ಮುಟ್ಟಸ್ತೀರಿ, ಅಷ್ಟಕ್ಕ ರೊಕ್ಕ. ಪೆಟ್ರೋಲು ನಿಮ್ಮದ."

ಮೊದಲ ದಿನದ ಮೊದಲ ಪಾರ್ಸಲ್ ಮೇಲೆ ವಿಳಾಸವೆಂದು ಇದ್ದದ್ದು ಇಷ್ಟೇ: ಬಸವಣ್ಣನ ಗುಡಿ ಹತ್ತಿರ, ದುಂಡಸಿ. ಗುಡಿಯ ಮುಂದೆ ನಿಂತು ಫೋನು ಹಚ್ಚಿದೆ. ಎತ್ತಿದ ಹೆಣ್ಣುಮಗಳು, "ಎದುರಿನ ಮನೀರಿ, ಒಳಗ ಬರ್ರಿ, ರೊಟ್ಟಿ ಹಂಚಿನ ಮ್ಯಾಲೆ ಐತಿ" ಎಂದಳು. ಒಳಗೆ ಹೋದರೆ ಆಕೆಯ ಎರಡೂ ಕೈಗೆ ಹಿಟ್ಟು. ಓಟಿಪಿ ನೋಡಲು ಆಕೆಯ ಫೋನನ್ನು ನಾನೇ ತೆಗೆದೆ. ರೊಟ್ಟಿ ಸೀಯಬಾರದೆಂದು ಅದನ್ನೂ ನಾನೇ ತಿರುವಿ ಹಾಕಿದೆ. ಅಷ್ಟಾದ ಮೇಲೆ ಉಣ್ಣದೆ ಹೋಗಲು ಆಕೆ ಬಿಡಲಿಲ್ಲ. ಮುಂದಿನ ಮನೆಯಲ್ಲಿ ಚಹಾ, ಅದರ ಮುಂದಿನ ಮನೆಯಲ್ಲಿ ಮತ್ತೆ ಚಹಾ. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ತುಂಬಿತ್ತು, ಚೀಲವೂ ಅರ್ಧ ತುಂಬಿಯೇ ಇತ್ತು.

ಸಂಜೆ ಪೆಟ್ರೋಲು ಕಳೆದು ಉಳಿದದ್ದನ್ನು ನೋಡಿ ನಮ್ಮ ಮನೆಯವರು ನಕ್ಕರು. "ಇಡೀ ದಿನ ತಿರುಗಿ ಇಷ್ಟ ಏನು? ನಾ ಕುಂತಲ್ಲೇ—"

"ಕುಂತಲ್ಲೇ ಕಳಕೊಂಡದ್ದನ್ನೂ ಹೇಳ್ರಿ."

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಿಜ ಹೇಳಬೇಕೆಂದರೆ ಅವರದೂ ಗಳಿಕೆಯಾಗಿರಲಿಲ್ಲ, ನನ್ನದೂ ಆಗಿರಲಿಲ್ಲ.

ಆದರೂ ನಾನು ಬಿಡಲಿಲ್ಲ. ನನಗೆ ಆ ರಸ್ತೆ ಹಿಡಿಸಿಬಿಟ್ಟಿತ್ತು. ಎರಡೂ ಬದಿಗೆ ಗೋವಿನಜೋಳದ ಹೊಲ, ಕೈ ಮಾಡಿ ನಿಲ್ಲಿಸಿ "ಅಕ್ಕಾರ, ನಮ್ಮದೇನಾರ ಬಂದೈತೇನ್ರಿ?" ಎಂದು ಕೇಳುವ ಜನ. ಎಡಕ್ಕೆ ಹೊರಳುವುದೂ ಬಂತು.

ಒಂದು ದಿನ ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ನನ್ನ ಎದುರಿಗೇ ಪಾರ್ಸಲ್ ಒಡೆದು ಹಸಿರು ಚೂಡಿದಾರ ಹಾಕಿಕೊಂಡು ಹೊರಗೆ ಬಂದಳು. ಭುಜ ಮೊಣಕೈಗೆ ಇಳಿದಿತ್ತು. ಮರುದಿನ ಅವಳ ಅಕ್ಕನ ನಿಶ್ಚಿತಾರ್ಥ.

"ವಾಪಸ್ ಒಯ್ದುಬಿಡ್ರಿ" ಎಂದಳು, ಅಳು ತಡೆದುಕೊಂಡು.

"ಅಳಬ್ಯಾಡವ್ವಾ. ನಮ್ಮನಿಯವರು ಟೇಲರ್ ಅದಾರ. ನಾಳೆ ಮುಂಜಾನೆ ತಂದು ಕೊಡ್ತೇನಿ" ಎಂದುಬಿಟ್ಟೆ. ಟೇಪು ಇರಲಿಲ್ಲ. ಅವಳ ಅವ್ವ ತಂದುಕೊಟ್ಟ ದಾರದಿಂದ ಅಳತೆ ತೆಗೆದು ಗಂಟು ಹಾಕಿಕೊಂಡೆ.

ಅಂಗಡಿಯಲ್ಲಿ ನಮ್ಮ ಮನೆಯವರು ಸಿಟ್ಟಾದರು. "ಈ ಫೋನಿನ ಬಟ್ಟೀನ ನನ್ನ ಕೆಲಸ ಕಸಗೊಂಡೈತಿ. ಇದನ್ನ ನಾ ರಿಪೇರಿ ಮಾಡ್ಲ್ಯಾ?"

ನಾನು ಚೂಡಿದಾರವನ್ನು ಅವರ ಮುಂದಿಟ್ಟೆ. ಮೊದಲು ಅದನ್ನು ನೋಡದಂತೆ ಕುಳಿತಿದ್ದರು. ಆಮೇಲೆ ಒಳಬದಿ ತಿರುವಿ ಹೊಲಿಗೆಯನ್ನು ಎಳೆದು ನೋಡಿದರು. "ಇದೂ ಒಂದು ಹೊಲಿಗೆ ಏನು! ಜಗ್ಗಿದ್ರ ಕೈಗೇ ಬರ್ತೈತಿ" ಎಂದು ಗೊಣಗಿ ಮಷೀನಿನ ಮುಂದೆ ಸ್ಟೂಲು ಎಳೆದುಕೊಂಡರು.

ಮರುದಿನ ಮುಂಜಾನೆ ಆ ಹುಡುಗಿ ಹಾಕಿಕೊಂಡು ಕನ್ನಡಿಗೆ ಓಡಿದಳು. ಅವಳ ಅವ್ವ ಓಣಿಗೆ ಓಡಿದಳು. ನಾನು ಗಾಡಿ ಚಾಲೂ ಮಾಡುವಷ್ಟರಲ್ಲಿ ಸುತ್ತಲಿನವರ ನೈಟಿ, ಜಂಪರು, ಅಂಗಿಗಳು ನನ್ನ ಚೀಲ ಸೇರಿದ್ದವು. "ಇದಕ್ಕ ತೋಳು ಸಣ್ಣದು ಮಾಡಸ್ರಿ." "ಇದು ನಮ್ಮವರಿಗೆ ಹೊಟ್ಟಿ ಮ್ಯಾಲೆ ಕೂಡಂಗಿಲ್ರಿ, ಏನಾರ ಮಾಡ್ರಿ." ಅಂದಿನಿಂದ ನನ್ನ ಚೀಲ ಹೋಗುವಾಗಲೂ ತುಂಬಿ, ಬರುವಾಗಲೂ ತುಂಬಿ.

ನಮ್ಮ ಮನೆಯವರು ನನ್ನ ಕೊರಳಿಗೊಂದು ಟೇಪು ಹಾಕಿ ಅಳತೆ ತೆಗೆಯುವುದನ್ನು ಸರಿಯಾಗಿ ಕಲಿಸಿದರು. ಫೋನು ಮಾತ್ರ ಮಷೀನಿನ ಪಕ್ಕದಲ್ಲೇ ಇರುತ್ತಿತ್ತು. ಆಟ ನಡೆದಿರುತ್ತಿತ್ತು, ಕಾಲು ಪೆಡಲಿನ ಮೇಲೆ ಇರುತ್ತಿತ್ತು. ಫೋನು ಸದ್ದು ಮಾಡಿ ಕರೆದರೆ, ಬಾಯಲ್ಲಿ ಸೂಜಿ ಕಚ್ಚಿಕೊಂಡೇ "ತಡಿ, ತಡಿ, ಈ ಅಂಚೊಂದು ಮುಗೀಲಿ" ಎನ್ನುತ್ತಿದ್ದರು. ಫೋನು ತಡೆಯುತ್ತದೆಯೇ? ಇವರ ಎಲೆ ಹಾಕುವ ಸರದಿ ದಾಟಿ ಹೋಗುತ್ತಿತ್ತು. ಕೆಲವು ದಿನಗಳಾದ ಮೇಲೆ ಅದರಲ್ಲಿ ಹಳೆಯ ಹಾಡು ಹಾಕಿಕೊಂಡು ಹೊಲಿಯತೊಡಗಿದರು.

ಬೇಸಿಗೆಯಲ್ಲಿ ದುಂಡಸಿಯ ದೊಡ್ಡ ಮನೆಯೊಂದರಲ್ಲಿ ಮದುವೆ. ಮನೆಯ ಗಂಡಸರಿಗೆಲ್ಲ ಒಂದೇ ಬಣ್ಣದ ಕುರ್ತಾ ತರಿಸಿದ್ದರು. ಅರಿಶಿಣದ ದಿನ ಮುಂಜಾನೆ ಗಂಟನ್ನು ನಾನೇ ಒಯ್ದು ಕೊಟ್ಟೆ. ಹಾಕಿಕೊಂಡು ನೋಡಿದರೆ ದಪ್ಪನೆಯ ಕಾಕಾನಿಗೆ ಗುಂಡಿ ಕೂಡದು, ತೆಳ್ಳಗಿನ ಹಿರಿಯ ಅಳಿಯನಿಗೆ ಕುರ್ತಾ ನಿಲುವಂಗಿ. ಮದುಮಗಳ ಅಪ್ಪ ತಲೆಯ ಮೇಲೆ ಕೈ ಹೊತ್ತು ಕುಳಿತರು.

ನಾನು ಶಿಗ್ಗಾಂವಕ್ಕೆ ವಾಪಸ್ ಓಡಿದೆ. ಮಷೀನನ್ನು ಟಂಟಂ ಆಟೋಗೆ ಏರಿಸಿ, ನಮ್ಮ ಮನೆಯವರನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡೆ. ನನ್ನ ಹಿಂದೆ ಅವರು ಕುಳಿತದ್ದು ಅದೇ ಮೊದಲು. ಹೆದ್ದಾರಿ ದಾಟುವಾಗ ನನ್ನ ಹೆಗಲನ್ನು ಗಟ್ಟಿಯಾಗಿ ಹಿಡಿದು, "ಸಾವಕಾಶ ಹೊಡೀ ಮಾರಾಯ್ತಿ, ಕುರ್ತಾ ಹೊಲ್ಯಾಕ ನಾ ಉಳೀಬೇಕು" ಎಂದರು.

ಹಂದರದ ಒಂದು ಮೂಲೆಯಲ್ಲಿ ಮಷೀನು ಕೂಡಿಸಿದರು. ಒಂದು ಕಡೆ ಮದುಮಗಳಿಗೆ ಅರಿಶಿಣ, ಇನ್ನೊಂದು ಕಡೆ ಗಂಡಸರು ಬನಿಯನ್ನಿನ ಮೇಲೆ ಸಾಲಾಗಿ ನಿಂತು ನನಗೆ ಅಳತೆ ಕೊಡುತ್ತಿದ್ದರು. ತೆಳ್ಳಗಿನವನ ಕುರ್ತಾದಲ್ಲಿ ಕತ್ತರಿಸಿದ ಬಟ್ಟೆಯನ್ನೇ ಕಾಕಾನ ಕುರ್ತಾದ ಪಕ್ಕೆಗೆ ಕೂಡಿಸಿದರು. ಹಾನಗಲ್ಲಿನಿಂದ ಬಂದ ಬೀಗರೊಬ್ಬರು ಇದನ್ನೆಲ್ಲ ನೋಡುತ್ತ ನಿಂತಿದ್ದು, ತಮ್ಮ ಹೊಸ ಕೋಟನ್ನೂ ಬಿಚ್ಚಿ ಕೊಟ್ಟರು. ನಮ್ಮ ಮನೆಯವರ ಕೊರಳು, ಕಿವಿಗೆಲ್ಲ ಹೆಂಗಸರು ಅರಿಶಿಣ ಬಳಿದರು. ಅವರು ಅಷ್ಟು ನಕ್ಕದ್ದನ್ನು ನಾನು ವರ್ಷಗಳಿಂದ ನೋಡಿರಲಿಲ್ಲ. ಗೋಧಿ ಹುಗ್ಗಿ ಉಂಡು, ಅವರು ಉಡುಗೊರೆಯಾಗಿ ಕೊಟ್ಟ ಆಹೇರಿ ತೆಗೆದುಕೊಂಡು ಬಂದೆವು.

ಪಾರ್ಸಲ್ ಹಂಚಿ ಮನೆ ನಡೆಯುತ್ತದೆಯೇ ಎಂದು ಈಗಲೂ ಜನ ಕೇಳುತ್ತಾರೆ. ಅದೊಂದರಿಂದಲೇ ಆದರೆ ಇಲ್ಲ. ಪಾರ್ಸಲ್ಲಿಗೆ ಕೊಡುವ ರೊಕ್ಕವನ್ನು ಗೋದಾಮಿನವರು ಹೇಳದೆ ಕೇಳದೆ ಇಳಿಸುತ್ತಾರೆ. ಮಳೆಯಲ್ಲಿ ಗಾಡಿ ಕೆಟ್ಟರೆ ಆ ದಿನ ಹೋದಂತೆಯೇ. ನಮ್ಮ ಮನೆ ನಡೆದದ್ದು ಆ ಚೀಲದ ಹಿಂದೆ ಬಂದ ಹೊಲಿಗೆಯಿಂದ. ಈಗ ಮುಂಜಾನೆ ಮಾತ್ರ ಪಾರ್ಸಲ್ ಒಯ್ಯುತ್ತೇನೆ, ಮಧ್ಯಾಹ್ನದ ಮೇಲೆ ಅಂಗಡಿಯಲ್ಲಿ ಗುಂಡಿ, ಹುಕ್ಕು ಹಚ್ಚುತ್ತ ಕೂರುತ್ತೇನೆ.

ಕಳೆದ ವಾರ ದುಂಡಸಿಯ ನೀರಿನ ಟಾಕಿಯ ಹತ್ತಿರದ ಒಬ್ಬ ಅಜ್ಜಿಯ ಹೆಸರಿಗೆ ಸಣ್ಣ ಪಾರ್ಸಲ್ ಬಂದಿತ್ತು. ಬಿಚ್ಚಿದರೆ ಒಂದು ಬಾಚಣಿಗೆ.

"ಯಾಕಬೇ, ಊರಾಗ ಬಾಚಣಿಕಿ ಸಿಗಂಗಿಲ್ಲೇನು?" ಎಂದೆ.

"ಸಿಗ್ತೈತಿ ತಗೋ" ಎಂದಳು ಅಜ್ಜಿ, ಬೋಡುಬಾಯಿ ತೆರೆದು ನಗುತ್ತ. "ನಮ್ಮ ಓಣಿಗೆ ನೀ ಬರೂದ ಬಿಟ್ಟೀಯಲ್ಲ, ಅದಕ್ಕ ಮೊಮ್ಮಗಳ ಕಡಿಂದ ತರಿಸೇನಿ. ಕುಂದ್ರು, ಚಹಾಕ್ಕ ಇಟ್ಟೇನಿ."