ಸಾಕ್ಷಿಯಲ್ಲ, ಜಾಮೀನು

ಫಾರ್ಮಿನ ಕೊನೆಯ ಪುಟದಲ್ಲಿ, ಸಹಿ ಬೀಳಬೇಕಾದ ಜಾಗಕ್ಕೆ ಪೆನ್ಸಿಲ್‌ನಿಂದ ಸಣ್ಣದೊಂದು ಇಂಟು ಗುರುತು ಹಾಕಿತ್ತು.

ಕಳೆದ ಭಾನುವಾರ ಮಾದಿಹಳ್ಳಿಯ ದೊಡ್ಡಪ್ಪನ ಮನೆಯಲ್ಲಿದ್ದೆ. ಫಾರ್ಮು ತಂದವರು ಪಕ್ಕದ ಮನೆಯ ಶಿವಮ್ಮ. ಡೇರಿಗೆ ಹಾಲು ಹಾಕುತ್ತಾರೆ. ಇನ್ನೊಂದು ಹಸು ಕೊಳ್ಳಲು ಸೊಸೈಟಿಯಲ್ಲಿ ಸಾಲ ಕೇಳಿದ್ದಾರೆ.

"ಅಣ್ಣ, ಇಲ್ಲೊಂದು ಸೈನ್ ಹಾಕ್ಬುಡಿ. ಇದೊಂದೇ ಬಾಕಿ ಐತೆ."

ದೊಡ್ಡಪ್ಪ ಪೆನ್ನಿನ ಕ್ಯಾಪ್ ತೆಗೆದರು. ಊರಿನ ಕ್ರಯಪತ್ರ, ವಿಭಾಗಪತ್ರಗಳಿಗೆಲ್ಲ ಸಾಕ್ಷಿ ಹಾಕುವುದು ಅವರೇ. (ಓದಿ ಹಾಕಿದ್ದನ್ನು ನಾನು ನೋಡಿಲ್ಲ.)

"ದೊಡ್ಡಪ್ಪ, ಇದು ಸಾಕ್ಷಿಯಲ್ಲ. ಜಾಮೀನು."

"ಎಲ್ಲಾ ಒಂದೇ ಕಣಮ್ಮ. ಇಷ್ಟು ವರ್ಷ ಸೈನ್ ಹಾಕಿದೀನಲ್ಲ, ಯಾರಾದ್ರೂ ಬಂದು ನಮ್ ಕೊಬ್ರಿ ಹೊತ್ಕೊಂಡ್ ಹೋಗವ್ರಾ?"

ಒಂದೇನಾ? ಸಾಕ್ಷಿದಾರ ನೋಡಿದವನು, ಅಷ್ಟೇ. ಸಾಲಗಾರ ಕಟ್ಟದಿದ್ದರೆ ತಾನು ಕಟ್ಟಬೇಕಾದವನು ಜಾಮೀನುದಾರ. ಪದ ಅರಬ್ಬಿಯದು, ಪಾರ್ಸಿ ಹಾದು, ಕಚೇರಿಗಳ ಮೂಲಕ ನಮ್ಮಲ್ಲಿಗೆ ಬಂತು. ಮೂಲದಲ್ಲಿ ಅದು ಮನುಷ್ಯನಿಗೇ ಸಲ್ಲುವ ಹೆಸರು: ಇನ್ನೊಬ್ಬರ ಪರವಾಗಿ ನಿಂತವನು. ಅದು ಬರುವ ಮೊದಲೇ ಕನ್ನಡದಲ್ಲಿ ಇದಕ್ಕೆ ಹೊಣೆ ಎನ್ನುತ್ತಿದ್ದರು. ಹೊಣೆ ಈಗ ಭಾಷಣಗಳ ಪಾಲಾಗಿದೆ. ಜಾಮೀನು, ಪತ್ರಿಕೆಯ ಕ್ರೈಂ ಪುಟದ ಪಾಲು. ಸೊಸೈಟಿಯ ಫಾರ್ಮಿನಲ್ಲಿ ಮಾತ್ರ ಹಳೆಯ ಅರ್ಥ ಹಾಗೇ ಉಳಿದಿದೆ.

ಇದನ್ನೇ ಇನ್ನೂ ಚಿಕ್ಕದಾಗಿ ಹೇಳಿದೆ. (ಅರಸೀಕೆರೆಯ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ, ಚಾಳಿ ಜೊತೆಗೇ ಬರುತ್ತದೆ.) ದೊಡ್ಡಪ್ಪ ಪೆನ್ನು ಮುಚ್ಚಿದರು.

"ನೋಡಾನ ತಡಿ ಶಿವಮ್ಮ."

"ಏನ್ ನೋಡಾದು ಅಣ್ಣ? ನಾಳೆ ಮಧ್ಯಾಹ್ನದೊಳಗೆ ಕಾಗದ ಕೊಡ್ದಿದ್ರೆ ಹಸ ಬ್ಯಾರೆಯೋರ ಕೊಟ್ಟಿಗೆ ಸೇರ್ತೈತೆ." ಆಮೇಲೆ ಶಿವಮ್ಮ ನನ್ನತ್ತ ತಿರುಗಿದರು. "ಏನವ್ವಾ, ಓದ್ದೋರು ಅಂದ್ರೆ ಹಿಂಗೇಯಾ? ನಾನೇನು ಹಸ ಹೊಡ್ಕೊಂಡು ಊರು ಬಿಟ್ಟು ಹೋಯ್ತೀನಾ?"

ಕಾಫಿ ಮುಟ್ಟದೆ ಹೋದರು.

ನಾನು ಹೇಳಿದ್ದರಲ್ಲಿ ಒಂದು ಪದವೂ ತಪ್ಪಿರಲಿಲ್ಲ. ಆದರೆ ಅರ್ಥ ತಿಳಿದವರೆಲ್ಲ ಹಿಂದೆ ಸರಿದರೆ, ಸಾಲ ಬೇಕಾದವರು ಅರ್ಥ ತಿಳಿಯದವರನ್ನೇ ಹುಡುಕಿಕೊಂಡು ಹೋಗಬೇಕಲ್ಲವೇ?

ಸೋಮವಾರ ಬೆಳಿಗ್ಗೆ, ಅರಸೀಕೆರೆ ಬಸ್ಸು ಬರುವ ಮೊದಲು, ಶಿವಮ್ಮನ ಜಗಲಿಯಲ್ಲಿ ಕೂತು ಫಾರ್ಮು ಪೂರ್ತಿ ಓದಿದೆ. ಜಾಮೀನುದಾರರು ಎಂಬಲ್ಲಿ ನನ್ನ ಹೆಸರು ಬರೆದು ಸಹಿ ಹಾಕಿದೆ.