ಗಡಿಯಾಚೆಯ ಮಂಡಿನೋವು

ಗಡಿ ಠಾಣೆಯ ಸಂಪರ್ಕಾಧಿಕಾರಿಗೆ ಆಚೆ ದೇಶದ ಠಾಣಾಧಿಕಾರಿಯ ಹೆಂಡತಿಯ ಮಂಡಿನೋವಿನ ಇತಿಹಾಸವೆಲ್ಲ ಬಾಯಿಪಾಠ. ಮಾನವ ಕಳ್ಳಸಾಗಣೆ ತಡೆಯುವ ಒಪ್ಪಂದದ ಪ್ರಕಾರ ಪತ್ರವೊಂದು ಎರಡೂ ರಾಜಧಾನಿ ಸುತ್ತಿ ಬರಲು ಇಪ್ಪತ್ತು ದಿನ ಬೇಕು; ಇವರು ಮಾತ್ರ ದಿನಾ ಬೆಳಿಗ್ಗೆ ಫೋನೆತ್ತಿ, "ಅಣ್ಣಾ, ಅತ್ತಿಗೆ ಮಂಡಿ ಹೇಗಿದೆ?" ಎಂದೇ ಶುರು ಮಾಡುತ್ತಾರೆ. ಮುಲಾಮು, ಮೊಮ್ಮಗಳ ಹಲ್ಲು ಮುಗಿದ ಮೇಲೆ ಸರ್ಕಾರಿ ಮಾತು. "ಬೀಗರ ಜೊತೆ ಮಾತು ಮುಗೀತಾ ಸಾರ್?" ಎಂದು ಟೈಪಿಸ್ಟ್ ಕಿಚಾಯಿಸಿದರೆ, "ತಾಳಮ್ಮ, ಇನ್ನೂ ಎಡಗಾಲಿಗೇ ಬಂದಿಲ್ಲ" ಎನ್ನುತ್ತಾರೆ. ಮೊನ್ನೆ, ಮೂವರು ಹುಡುಗಿಯರನ್ನು ಮಾರಲು ಒಯ್ಯುತ್ತಿದ್ದ ನೀಲಿ ಬಸ್ಸು ತಮ್ಮ ಗೇಟು ದಾಟಿಹೋಯಿತೆಂದು ತಿಳಿದಾಗ, ಮಂಡಿಯ ಸುದ್ದಿಯೇ ಎತ್ತದೆ "ಅಣ್ಣಾ, ನೀಲಿ ಬಸ್ಸು" ಎಂದರಷ್ಟೇ. ಅತ್ತಲಿಂದ ಮರುಪ್ರಶ್ನೆ ಬರಲಿಲ್ಲ. ಗೇಟು ಹಾಕಿ ಎಂದು ಕೂಗಿದ್ದು ಮಾತ್ರ ಕೇಳಿಸಿತು. ಹತ್ತು ನಿಮಿಷಕ್ಕೆ ಫೋನು ಬಂತು: "ಮೂವರೂ ಸಿಕ್ಕಿದ್ರು ತಮ್ಮಾ. ಈಗ ಕೇಳು, ಮಂಡಿ ಹೇಗಿದೆ ಅಂತ."